ಮೇಲೆ ನೋಡುವ ಮೀನು: ಜೋರ್ಡನ್ ಲೇಕ್‌ನಲ್ಲಿ ಸಣ್ಣ ದೋಣಿಯಿಂದ ಕ್ರಾಪಿ ಹಿಡಿಯುವ ಒಂದು ದಿನ

ಕ್ರಾಪಿಯ ಕಣ್ಣು ತಲೆಯ ಮೇಲ್ಭಾಗಕ್ಕೆ ಹತ್ತಿರ ಕೂತಿರುತ್ತದೆ. ತನಗಿಂತ ಮೇಲೆ ತೇಲುವುದು ಅದಕ್ಕೆ ಚೆನ್ನಾಗಿ ಕಾಣುತ್ತದೆ, ಕೆಳಗಿನದರ ಗೊಡವೆಗೆ ಅದು ಹೋಗುವುದು ಕಡಿಮೆ. ಹತ್ತು ಅಡಿ ಆಳದಲ್ಲಿ ನಿಂತ ಮೀನಿಗೆ ಒಂಬತ್ತು ಅಡಿಯಲ್ಲಿ ತೂಗಿದ ಎರೆ ಊಟವಾದರೆ, ಹನ್ನೊಂದು ಅಡಿಗೆ ಇಳಿದ ಎರೆ ಇದ್ದೂ ಇಲ್ಲದ ಹಾಗೆ. ಬಣ್ಣ ಬಣ್ಣದ ನೂರು ಜಿಗ್ (ಸೀಸದ ತಲೆಯ ಕೃತಕ ಎರೆ) ಕೊಂಡು ಬರಿಗೈಯಲ್ಲಿ ವಾಪಸಾಗುವವರು ಬಹುತೇಕ ಇಲ್ಲೇ ಎಡವುತ್ತಾರೆ. ಬಣ್ಣ ಎರಡನೆಯ ಪ್ರಶ್ನೆ, ಆಳ ಮೊದಲನೆಯದು.

ಹೆಸರನ್ನು ಅಮೆರಿಕದಲ್ಲಿ ಹಲವರು ‘ಕ್ರಾಪಿ’ ಎಂದು ಉಚ್ಚರಿಸುತ್ತಾರೆ. ಇದು ಉತ್ತರ ಅಮೆರಿಕದ ಸಿಹಿನೀರಿನ ಮೀನು, ಸನ್‌ಫಿಶ್ ಕುಟುಂಬಕ್ಕೆ ಸೇರಿದ್ದು. ಕಪ್ಪು ಕ್ರಾಪಿ, ಬಿಳಿ ಕ್ರಾಪಿ ಎಂದು ಎರಡು ಜಾತಿ. ಬಣ್ಣ ನೋಡಿ ಗುರುತಿಸಲು ಹೋದರೆ ಮೋಸ ಹೋಗುತ್ತೀರಿ, ಮೊಟ್ಟೆಯಿಡುವ ಕಾಲದಲ್ಲಿ ಗಂಡುಗಳೆಲ್ಲ ಕಪ್ಪಾಗುತ್ತವೆ. ಬೆನ್ನುರೆಕ್ಕೆಯ ಮುಳ್ಳು ಎಣಿಸಿ: ಏಳೆಂಟು ಇದ್ದರೆ ಕಪ್ಪು, ಐದಾರು ಇದ್ದರೆ ಬಿಳಿ. ಸಾಮಾನ್ಯವಾಗಿ ಕೈಗೆ ಸಿಗುವುದು ಅರ್ಧ ಪೌಂಡಿನಿಂದ ಒಂದು ಪೌಂಡ್ ತೂಕದ್ದು. ವಿಶ್ವದಾಖಲೆಯೇ ಐದೂವರೆ ಪೌಂಡ್ ಮುಟ್ಟಿಲ್ಲ: ಬಿಳಿಯದು 1957ರಲ್ಲಿ ಮಿಸಿಸಿಪಿಯಲ್ಲಿ ಸಿಕ್ಕ 5 ಪೌಂಡ್ 3 ಔನ್ಸ್, ಕಪ್ಪಿನದು 2018ರಲ್ಲಿ ಟೆನೆಸಿಯಲ್ಲಿ ಸಿಕ್ಕ 5 ಪೌಂಡ್ 7 ಔನ್ಸ್. ಅಂದರೆ ಇದು ದೊಡ್ಡ ಮೀನಿನ ಜೊತೆ ಜಗ್ಗಾಡುವ ಆಟವಲ್ಲ.

ಈ ಲೇಖನಕ್ಕೆ ಆರಿಸಿಕೊಂಡ ಜಾಗ ನಾರ್ತ್ ಕ್ಯಾರೊಲೈನಾದ ಜೋರ್ಡನ್ ಲೇಕ್. ಕ್ಯಾರಿ, ಏಪೆಕ್ಸ್, ಮಾರಿಸ್‌ವಿಲ್ ಕಡೆ ನೆಲೆಸಿರುವ ಕನ್ನಡಿಗರಿಗೆ ಅರ್ಧ ಗಂಟೆಯ ದಾರಿ. ಹಾ ನದಿಗೆ ಸೇನೆಯ ಎಂಜಿನಿಯರ್ ದಳ ಕಟ್ಟಿದ ಅಣೆಕಟ್ಟಿನಿಂದಾದ ಜಲಾಶಯ ಇದು, 1982ರಲ್ಲಿ ತುಂಬಿತು. ಹರವು ಸುಮಾರು 14,000 ಎಕರೆ, ಹರವಿಗೆ ಹೋಲಿಸಿದರೆ ಆಳ ಕಡಿಮೆ, ನೀರು ಯಾವಾಗಲೂ ಸ್ವಲ್ಪ ಚಹಾದ ಬಣ್ಣ. ದಿನ ಏಪ್ರಿಲ್ ಮೊದಲ ವಾರದ್ದು ಎಂದಿಟ್ಟುಕೊಳ್ಳಿ. ಡಾಗ್‌ವುಡ್ ಮರ ಬಿಳಿ ಹೂ ಬಿಟ್ಟಾಗ ಕ್ರಾಪಿ ದಡಕ್ಕೆ ಬರುತ್ತದೆ ಎಂಬ ಮಾತು ಅಲ್ಲಿ ಹಳೆಯದು. ಹೂ ಅರಳಿಸುವ ಬಿಸಿಲೇ ನೀರನ್ನೂ 60ರಿಂದ 68 ಡಿಗ್ರಿ ಫ್ಯಾರನ್‌ಹೀಟ್‌ಗೆ, ಅಂದರೆ 16ರಿಂದ 20 ಡಿಗ್ರಿ ಸೆಲ್ಸಿಯಸ್‌ಗೆ ಏರಿಸುತ್ತದೆ. ಮೊಟ್ಟೆಯಿಡುವುದು ಆ ಬಿಸಿಯಲ್ಲಿ. ಆದರೂ ಹೂವಿಗಿಂತ ಥರ್ಮಾಮೀಟರ್ ನಂಬಿ.

ಕಾಗದ, ದೋಣಿ, ಹಿಂದಿನ ರಾತ್ರಿ

ಹದಿನಾರು ವರ್ಷ ತುಂಬಿದ ಪ್ರತಿಯೊಬ್ಬರಿಗೂ ರಾಜ್ಯದ ಫಿಶಿಂಗ್ ಲೈಸೆನ್ಸ್ ಬೇಕು. ಆನ್‌ಲೈನಿನಲ್ಲೇ ಸಿಗುತ್ತದೆ, ಊರಿಂದ ಬಂದ ಅಪ್ಪ ಅಮ್ಮನಿಗೆ 10 ದಿನದ್ದು ತೆಗೆದುಕೊಂಡರೆ ಸಾಕು. ಜೋರ್ಡನ್ ಲೇಕ್‌ನಲ್ಲಿ ಕ್ರಾಪಿ ಕನಿಷ್ಠ 10 ಇಂಚು ಉದ್ದ ಇರಬೇಕು, ಒಬ್ಬರಿಗೆ ದಿನಕ್ಕೆ 20 ಮಾತ್ರ. ಹೊಸ ನಿಯಮಗಳು ಆಗಸ್ಟ್ 1ರಿಂದ ಜಾರಿಗೆ ಬರುವುದರಿಂದ ಆ ವರ್ಷದ ಪುಸ್ತಕವನ್ನು ಒಮ್ಮೆ ತಿರುವಿ ಹಾಕಿ. 1988ರ ಜನವರಿ 1 ಅಥವಾ ಅದರ ನಂತರ ಹುಟ್ಟಿದವರು 10 ಅಶ್ವಶಕ್ತಿ ಅಥವಾ ಅದಕ್ಕಿಂತ ಮೇಲಿನ ಎಂಜಿನ್ ಓಡಿಸಬೇಕಾದರೆ ದೋಣಿ ಸುರಕ್ಷತೆಯ ಕೋರ್ಸ್ ಮುಗಿಸಿರಬೇಕು. ಸಣ್ಣ ದೋಣಿಗಳಿಗೆ 9.9ರ ಎಂಜಿನ್ ಅಷ್ಟೊಂದು ಕಾಣಿಸುವುದೇಕೆ ಎಂಬುದಕ್ಕೆ ಇದೂ ಒಂದು ಉತ್ತರ. ಆದರೆ ಕೋರ್ಸ್ ಮಾಡಿಕೊಳ್ಳುವುದೇ ಒಳ್ಳೆಯದು, ವಾರಾಂತ್ಯದಲ್ಲಿ ಆ ಕೆರೆಯಲ್ಲಿ ದೊಡ್ಡ ದೋಣಿಗಳ ಓಡಾಟ ಜಾಸ್ತಿ.

ಇಬ್ಬರಿಗೆ 14 ಅಡಿಯ ಅಲ್ಯೂಮಿನಿಯಂ ಜಾನ್ ಬೋಟ್ ಹೇಳಿ ಮಾಡಿಸಿದ ಹಾಗಿರುತ್ತದೆ. ತಳ ಚಪ್ಪಟೆ, ಎರಡಡಿ ನೀರಿದ್ದರೂ ಪೊದೆಯ ಬುಡಕ್ಕೆ ಹೋಗುತ್ತದೆ. ಹಿಂಬದಿಗೆ 9.9 ಅಶ್ವಶಕ್ತಿಯ ಔಟ್‌ಬೋರ್ಡ್ ಎಂಜಿನ್, ದೋಣಿಯ ಮೂತಿಗೆ ಸದ್ದಿಲ್ಲದೆ ನಿಧಾನ ಸಾಗಲು 12 ವೋಲ್ಟಿನ, ಸುಮಾರು 45 ಪೌಂಡ್ ತಳ್ಳುಬಲದ ಟ್ರೋಲಿಂಗ್ ಮೋಟರ್, ಅದಕ್ಕೆ 100 ಆಂಪಿಯರ್-ಅವರ್‌ನ ಡೀಪ್ ಸೈಕಲ್ ಬ್ಯಾಟರಿ. ಕಾರಿನ ಬ್ಯಾಟರಿ ಹಾಕಬೇಡಿ. ಅದು ಸ್ಟಾರ್ಟ್ ಮಾಡುವ ಒಂದು ಕ್ಷಣಕ್ಕೆ ಕರೆಂಟ್ ಕೊಡಲು ಆದದ್ದು, ದಿನವಿಡೀ ಹಿಂಡಿದರೆ ನಾಲ್ಕಾರು ಸಲಕ್ಕೆ ಸಾಯುತ್ತದೆ. ಭಾರ ಹಂಚುವಾಗ ಬ್ಯಾಟರಿಯನ್ನು ನಡುವಿಗೆ ತನ್ನಿ. ಎಂಜಿನ್, ಪೆಟ್ರೋಲ್ ಟ್ಯಾಂಕ್, ಬ್ಯಾಟರಿ, ಓಡಿಸುವವರು ನಾಲ್ಕೂ ಹಿಂದೆ ಸೇರಿದರೆ ಮೂತಿ ಆಕಾಶ ನೋಡುತ್ತದೆ, ಹಿಂದಿನ ಅಂಚಿನಿಂದ ನೀರು ಒಳಗೆ ಬರುತ್ತದೆ.

ಒಬ್ಬೊಬ್ಬರಿಗೂ ಒಂದು ಲೈಫ್ ಜಾಕೆಟ್ ಕಡ್ಡಾಯ, 13 ವರ್ಷದೊಳಗಿನ ಮಕ್ಕಳು ದೋಣಿ ಚಲಿಸುತ್ತಿರುವಾಗ ಹಾಕಿಕೊಂಡೇ ಇರಬೇಕು. ಏಪ್ರಿಲ್‌ನಲ್ಲಿ ದೊಡ್ಡವರೂ ತೆಗೆಯದಿರುವುದೇ ಸರಿ. ಹೊರಗೆ ಬೆಚ್ಚಗಿದ್ದರೂ ನೀರು ತಣ್ಣಗಿರುತ್ತದೆ. ಬಿದ್ದ ಕೂಡಲೇ ಉಸಿರು ತನ್ನಿಂತಾನೇ ಒಳಕ್ಕೆ ಎಳೆಯುತ್ತದೆ, ಮುಳುಗುವುದು ಆ ಒಂದು ಉಸಿರಿಗೆ. ಕೆರೆ ಬಾವಿಯಲ್ಲಿ ಈಜಿ ಬೆಳೆದವರಿಗೂ ಇದೇ ಮಾತು. ನೀವು ಬಿದ್ದರೆ ಎಂಜಿನ್ ತಾನೇ ಆರುವಂತೆ ಮಾಡುವ ಕಟ್-ಆಫ್ ಹಗ್ಗವನ್ನು ಮೈಗೆ ಕಟ್ಟಿಕೊಳ್ಳಿ, ಒಂದು ಹುಟ್ಟನ್ನು ಕೈಗೆಟಕುವಂತಿಡಿ.

ಮಲಗುವ ಮುನ್ನ ನೋಡಬೇಕಾದದ್ದು ಎರಡು. ಒಂದು ಗಾಳಿ: ಗಂಟೆಗೆ 10 ಮೈಲಿಯವರೆಗೆ ಚಿಂತೆಯಿಲ್ಲ, 15 ದಾಟಿದರೆ 14 ಅಡಿ ದೋಣಿಯಲ್ಲಿ ಹೈವೇ 64ರ ಸೇತುವೆಯ ದಕ್ಷಿಣದ ಬಯಲು ನೀರಿಗೆ ಹೋಗಬೇಡಿ. ಇನ್ನೊಂದು ನೀರಿನ ಮಟ್ಟ. ಜೋರ್ಡನ್‌ನ ಸಾಮಾನ್ಯ ಮಟ್ಟ ಸಮುದ್ರಮಟ್ಟದಿಂದ 216 ಅಡಿ, ಎಂಜಿನಿಯರ್ ದಳ ಪ್ರತಿದಿನ ಪ್ರಕಟಿಸುತ್ತದೆ. ಮಳೆಯಾಗಿ ಮಟ್ಟ ಎರಡು ಮೂರು ಅಡಿ ಏರಿದ್ದರೆ ದಡದ ಪೊದೆಗಳು ಮುಳುಗಿರುತ್ತವೆ, ಮೀನು ಅದರೊಳಗೆ ನುಗ್ಗಿರುತ್ತದೆ. ನೀರು ಸರಸರನೆ ಇಳಿಯುತ್ತಿದ್ದರೆ ದಡ ಬಿಟ್ಟು, ತಳ ಮೊದಲ ಸಲ ಇಳಿಜಾರಾಗುವ ಜಾಗಕ್ಕೆ ಹಿಂದೆ ಸರಿದಿರುತ್ತದೆ.

ಗಾಳ ಕಟ್ಟುವುದು

ನಮ್ಮ ಕೆರೆಗಳಲ್ಲಿ ಕಾಟ್ಲಾ, ರೋಹುವಿಗೆ ಹಿಟ್ಟಿನ ಉಂಡೆ ಕಟ್ಟಿದ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಕ್ರಾಪಿ ಅಲುಗಾಡುವುದನ್ನೇ ತಿನ್ನುತ್ತದೆ. ಸಣ್ಣ ಮೀನು, ಹುಳ, ಅಥವಾ ಹಾಗೆ ಕಾಣುವಂಥದ್ದು ಬೇಕು.

ಆರೂವರೆಯಿಂದ ಏಳು ಅಡಿಯ ಲೈಟ್ ಸ್ಪಿನ್ನಿಂಗ್ ರಾಡ್ ಒಬ್ಬರಿಗೆ ಎರಡು. ತುದಿ ಮೆತ್ತಗೆ ಬಾಗಬೇಕು, ಗಟ್ಟಿ ತುದಿ ಮೀನಿನ ಬಾಯಿ ಹರಿಯುತ್ತದೆ. ದಾರ 6 ಪೌಂಡ್ ಎಳೆತ ತಡೆಯುವ ನೈಲಾನ್ ತಂಗೂಸಿ. ತೆರೆದ ನೀರಿಗೆ 4 ಪೌಂಡ್ ಇನ್ನೂ ಚೆನ್ನ, ಕೊಂಬೆಗಳ ನಡುವೆ 8 ಪೌಂಡ್. ಹೆಣೆದ ದಾರ ಹಿಗ್ಗುವುದಿಲ್ಲ, ಹೊಸಬರ ಕೈಯಲ್ಲಿ ಅದೂ ಬಾಯಿ ಹರಿಯುವುದಕ್ಕೇ ದಾರಿ.

ಜೀವಂತ ಎರೆಗೆ ಮಿನ್ನೋ ಎಂಬ ಸಣ್ಣ ಮೀನು, ಒಂದೂವರೆಯಿಂದ ಎರಡು ಇಂಚಿನದು. ಅರ್ಧ ದಿನಕ್ಕೆ ಇಬ್ಬರಿಗೆ ಮೂರು ನಾಲ್ಕು ಡಜನ್ ಸಾಕು. ಇವು ಸಾಯುವುದು ಎರಡು ಕಾರಣಕ್ಕೆ: ಮನೆಯ ನಲ್ಲಿ ನೀರಿನ ಕ್ಲೋರಿನ್, ಮತ್ತು ಬಿಸಿಲು. ಅಂಗಡಿಯವರು ಕೊಟ್ಟ ನೀರಲ್ಲೇ ಒಯ್ಯಿರಿ, ಬ್ಯಾಟರಿಯ ಏರೇಟರ್ ಹಾಕಿ, ಬಕೆಟ್ ನೆರಳಲ್ಲಿಡಿ. ತಣ್ಣಗಾಗಲೆಂದು ಐಸನ್ನು ನೇರ ಸುರಿಯಬೇಡಿ, ಕರಗಿದ ಐಸಿನಲ್ಲೂ ಕ್ಲೋರಿನ್ ಇರುತ್ತದೆ. ನೀರಿನ ಬಾಟಲಿಯನ್ನೇ ಹೆಪ್ಪುಗಟ್ಟಿಸಿ ಮುಚ್ಚಳ ತೆಗೆಯದೆ ಒಳಗೆ ಬಿಡಿ.

ಕೊಕ್ಕೆ ತೆಳು ತಂತಿಯ ಅಬರ್ಡೀನ್, ನಂಬರ್ 2 ಅಥವಾ 4. ತೆಳುವಾಗಿರುವುದಕ್ಕೆ ಅರ್ಥವಿದೆ: ಕೊಂಬೆಗೆ ಸಿಕ್ಕಿಕೊಂಡಾಗ ನಿಧಾನ ಎಳೆದರೆ ದಾರ ತುಂಡಾಗುವ ಮೊದಲು ಕೊಕ್ಕೆ ನೆಟ್ಟಗಾಗಿ ಬಿಡಿಸಿಕೊಳ್ಳುತ್ತದೆ. ಇಕ್ಕಳದಲ್ಲಿ ಮತ್ತೆ ಬಗ್ಗಿಸಿ. ಒಂದೇ ಕೊಕ್ಕೆ ಮೂರು ಸಲ ನೆಟ್ಟಗಾದರೆ ಎಸೆದುಬಿಡಿ.

ಜಾರುವ ಬೆಂಡನ್ನು ಕಟ್ಟುವ ಕ್ರಮ, ರೀಲಿನ ಕಡೆಯಿಂದ ಕೊಕ್ಕೆಯ ಕಡೆಗೆ:

1. ಬಾಬರ್ ಸ್ಟಾಪ್ ಎಂಬ ದಾರದ ಸಣ್ಣ ಗಂಟು. ಒದ್ದೆ ಮಾಡಿ ಬಿಗಿದು, ಬಾಲವನ್ನು ಕಾಲಿಂಚು ಬಿಟ್ಟು ಕತ್ತರಿಸಿ. ತೀರ ಸಣ್ಣಗೆ ಕತ್ತರಿಸಿದರೆ ಬಿಚ್ಚಿಕೊಳ್ಳುತ್ತದೆ.
2. ಒಂದು ಸಣ್ಣ ಮಣಿ. ಇದನ್ನು ಮರೆತರೆ ಗಂಟು ಬೆಂಡಿನ ತೂತಿನಲ್ಲೇ ತೂರಿಹೋಗುತ್ತದೆ, ಎರೆ ಸೀದಾ ತಳ ಮುಟ್ಟುತ್ತದೆ.
3. ಪೆನ್ಸಿಲ್‌ನಂತೆ ಸಪೂರವಾದ ಬೆಂಡು. ಗುಂಡು ಬೆಂಡನ್ನು ಮುಳುಗಿಸಲು ಮೀನು ಹೆಚ್ಚು ಎಳೆಯಬೇಕಾಗುತ್ತದೆ, ಅನುಮಾನ ಬಂದು ಉಗಿಯುತ್ತದೆ.
4. ಕೊಕ್ಕೆಗಿಂತ ಒಂದಡಿ ಮೇಲೆ ಸೀಸದ ಗುಂಡು. ಬೆಂಡಿನ ತುದಿ ಮಾತ್ರ ನೀರ ಮೇಲೆ ಕಾಣುವಷ್ಟು ಭಾರ.
5. ಕೊಕ್ಕೆ. ಮಿನ್ನೋವನ್ನು ಕೆಳತುಟಿಯಿಂದ ಮೇಲ್ತುಟಿಗೆ ಚುಚ್ಚಿ, ಅಥವಾ ಬೆನ್ನುರೆಕ್ಕೆಯ ಕೆಳಗೆ ಬೆನ್ನುಮೂಳೆ ತಾಗದ ಹಾಗೆ.

ಗಂಟು ದಾರದ ಮೇಲೆ ಸರಿಯುತ್ತದೆ, ರೀಲಿನೊಳಗೂ ಸುತ್ತಿಕೊಳ್ಳುತ್ತದೆ. ಹಾಗಾಗಿ ಹನ್ನೆರಡು ಅಡಿ ಆಳಕ್ಕೆ ಹೊಂದಿಸಿದರೂ ಎಸೆಯಲು ತೊಡಕಿಲ್ಲ.

ಇನ್ನೊಂದು ರಾಡಿಗೆ ಜಿಗ್: ಸೀಸದ ತಲೆಯ ಕೊಕ್ಕೆ, ಅದಕ್ಕೆ ಎರಡಿಂಚಿನ ಮೆತ್ತನೆ ಪ್ಲಾಸ್ಟಿಕ್ ಬಾಲ. ಆರು ಅಡಿಯೊಳಗಿನ ನೀರಿಗೆ 1/32 ಔನ್ಸ್, ಅದರ ಕೆಳಗೆ 1/16, ಗಾಳಿ ಇದ್ದರೆ ಅಥವಾ ಹದಿನೈದು ಅಡಿ ದಾಟಿದರೆ 1/8. ಬಣ್ಣದ ಡಬ್ಬಿಯಲ್ಲಿ ಮೂರು ಸಾಕು: ಚಹಾ ಬಣ್ಣದ ನೀರಿಗೆ ಕಪ್ಪು ಮತ್ತು ಗಿಣಿಹಸಿರು ಸೇರಿದ್ದು, ಬಿಸಿಲೇರಿದ ಮೇಲೆ ಬಿಳಿ ಅಥವಾ ಬೂದು, ಕೆಸರು ನೀರಿಗೆ ಗಾಢ ಗುಲಾಬಿ.

ಜಿಗ್‌ನಲ್ಲಿ ಯಾರೂ ಹೇಳಿಕೊಡದ ಒಂದು ಸಣ್ಣ ಕೆಲಸವಿದೆ. ಜಿಗ್ ನೀರಲ್ಲಿ ಮಲಗಿದಂತೆ ಅಡ್ಡಕ್ಕೆ ತೂಗಬೇಕು, ಈಜುವ ಮೀನಿನ ಹಾಗೆ. ಗಂಟು ಕೊಕ್ಕೆಯ ಕಣ್ಣಿನ ಮುಂಭಾಗಕ್ಕೆ ಜಾರಿದ್ದರೆ ಅದು ತಲೆ ಮೇಲೆ, ಬಾಲ ಕೆಳಗೆ ಮಾಡಿ ನೇಣು ಹಾಕಿದಂತೆ ತೂಗುತ್ತದೆ. ಪ್ರತಿ ಮೀನು ಬಿಡಿಸಿದ ಮೇಲೆ, ಪ್ರತಿ ಸಲ ಕೊಂಬೆಗೆ ತಾಗಿದ ಮೇಲೆ ಗಂಟನ್ನು ಉಗುರಿನಿಂದ ಕಣ್ಣಿನ ನೆತ್ತಿಗೆ ಸರಿಸಿ, ದೋಣಿಯ ಪಕ್ಕ ಇಳಿಬಿಟ್ಟು ನೋಡಿ. ಎರಡು ಸೆಕೆಂಡಿನ ಕೆಲಸ. ಒಂದೇ ದೋಣಿಯಲ್ಲಿ ಒಬ್ಬರಿಗೆ ಹತ್ತು ಮೀನು, ಇನ್ನೊಬ್ಬರಿಗೆ ಎರಡು ಸಿಕ್ಕಾಗ ಮೊದಲು ಗಂಟು ನೋಡಬೇಕು, ಆಮೇಲೆ ಅದೃಷ್ಟವನ್ನು ಬಯ್ಯಬಹುದು.

ನೀರಿಗಿಳಿಸುವಾಗ

ದೋಣಿ ಇಳಿಸುವ ಇಳಿಜಾರಾದ ರ್ಯಾಂಪಿನ ಮೇಲೆ ಹಿಂದೆ ಮುಂದೆ ನೋಡುತ್ತ ಸಾಮಾನು ಜೋಡಿಸಿದರೆ ಹಿಂದಿನವರ ಶಾಪ ತಟ್ಟುತ್ತದೆ. ಪಾರ್ಕಿಂಗಿನಲ್ಲೇ ರಾಡ್, ಐಸ್ ಪೆಟ್ಟಿಗೆ, ಲಂಗರು ಎಲ್ಲ ದೋಣಿಗೆ ತುಂಬಿ, ಟ್ರೈಲರಿನ ಹಿಂದಿನ ಪಟ್ಟಿ ಬಿಚ್ಚಿ, ಡ್ರೇನ್ ಪ್ಲಗ್ (ದೋಣಿಯೊಳಗಿನ ನೀರು ಹೊರಬಿಡುವ ತೂತಿನ ಬಿರಡೆ) ತಿರುಗಿಸಿ ಬಿಗಿಯಿರಿ. ಮುಂದಿನ ಸರಪಳಿಯನ್ನು ನೀರ ಅಂಚಿಗೆ ಬಂದ ಮೇಲೆಯೇ ಬಿಚ್ಚಿ, ಇಲ್ಲದಿದ್ದರೆ ದೋಣಿ ಕಾಂಕ್ರೀಟಿನ ಮೇಲೆ ಜಾರುತ್ತದೆ. ಡ್ರೇನ್ ಪ್ಲಗ್ ಮರೆಯದಿರಲು ಒಂದೇ ಉಪಾಯ ಕೆಲಸ ಮಾಡುತ್ತದೆ: ಹಿಂದಿನ ಸಲ ತೆಗೆದಾಗಲೇ ಅದನ್ನು ಕಾರಿನ ಕೀಗೊಂಚಲಿಗೆ ಸಿಕ್ಕಿಸಿಡುವುದು.

ಫಾರಿಂಗ್ಟನ್ ಪಾಯಿಂಟ್, ಎಬನೀಜರ್, ಸೀಫೋರ್ತ್ ಕಡೆ ಒಳ್ಳೆಯ ರ್ಯಾಂಪ್‌ಗಳಿವೆ. ಸಣ್ಣ ದೋಣಿಯವರು ಮೀನಿರುವ ಕೊಲ್ಲಿಗೆ ಹತ್ತಿರದ ರ್ಯಾಂಪ್ ಆರಿಸಬೇಕು, ಮನೆಗೆ ಹತ್ತಿರದ್ದನ್ನಲ್ಲ. ಬಯಲು ನೀರು ದಾಟುವುದು ಬೆಳಗ್ಗೆ ಸುಲಭ, ಮಧ್ಯಾಹ್ನ ಎದುರುಗಾಳಿಯಲ್ಲಿ ವಾಪಸಾಗುವುದು ಬೇರೆಯೇ ಕಥೆ. ಗೇಟ್ ಮುಚ್ಚುವ ಹೊತ್ತು ಫಲಕದಲ್ಲಿ ಬರೆದಿರುತ್ತದೆ, ಒಳಗೆ ಹೋಗುವಾಗಲೇ ಓದಿಕೊಳ್ಳಿ.

ಬೆಳಗಿನ ಮೊದಲ ಮೂರು ತಾಸು: ದಡದ ಪೊದೆ

ಕೊಲ್ಲಿಯ ಒಳತುದಿಗೆ ಹೋಗುವ ಮುನ್ನವೇ ಎಂಜಿನ್ ಆರಿಸಿ, ಟ್ರೋಲಿಂಗ್ ಮೋಟರಿನಲ್ಲಿ ನಿಧಾನ ಹೋಗಿ. ಅಲ್ಯೂಮಿನಿಯಂ ದೋಣಿ ಒಂದು ತಮಟೆ ಇದ್ದಂತೆ, ಇಕ್ಕಳ ಬಿದ್ದ ಸದ್ದೂ ನೀರಿಗಿಳಿಯುತ್ತದೆ. ತಳಕ್ಕೆ ಹಳೆಯ ಕಾರ್ಪೆಟ್ ಹಾಸಿದರೆ ಅರ್ಧ ಸದ್ದು ಹೋಯಿತು.

ಉತ್ತರದ ದಡ ದಿನವಿಡೀ ದಕ್ಷಿಣದ ಬಿಸಿಲು ಕಾಯುವುದರಿಂದ ಅಲ್ಲಿನ ನೀರು ಮೊದಲು ಬೆಚ್ಚಗಾಗುತ್ತದೆ. ಅದಕ್ಕೇ ಶುರು ಅಲ್ಲಿಂದ. ಹುಡುಕುವುದು ಒಂದರಿಂದ ನಾಲ್ಕು ಅಡಿ ನೀರಿನಲ್ಲಿ ನಿಂತ ಪೊದೆ, ಬಿದ್ದ ಮರ, ಮೋಟು. ಗೂಡು ಕಾಯುವ ಗಂಡು ಅಲ್ಲಿರುತ್ತದೆ, ಮೊಟ್ಟೆ ತುಂಬಿದ ಹೆಣ್ಣು ಒಂದೆರಡು ಅಡಿ ಹೆಚ್ಚು ಆಳದಲ್ಲಿ ಹೊರಗಡೆ ಕಾಯುತ್ತಿರುತ್ತದೆ. ಬರಿ ಕಪ್ಪು ಗಂಡುಗಳೇ ಸಿಗುತ್ತಿದ್ದರೆ ದೋಣಿಯನ್ನು ಹತ್ತಡಿ ಹಿಂದೆ ತಂದು ಎಸೆಯಿರಿ.

ಎರಡಡಿ ಆಳಕ್ಕೆ ಗಂಟು ಸರಿಸಿ, ಪೊದೆಯ ಹೊರ ಅಂಚಿಗೆ ಎಸೆಯಿರಿ. ಮೊದಲ ಎಸೆತವೇ ಒಳಗೆ ಹೋಗಬಾರದು. ಒಳಗೆ ಸಿಕ್ಕಿದ ಮೀನು ಒದ್ದಾಡಿ ಉಳಿದವನ್ನು ಓಡಿಸುತ್ತದೆ. ಹೊರಗಿನವನ್ನು ಮೊದಲು ತೆಗೆದು ನಿಧಾನ ಒಳಕ್ಕೆ ಸಾಗಿ.

ಬೆಂಡಿನ ಭಾಷೆ ಕಲಿಯಬೇಕು. ಎಸೆದ ಕೂಡಲೇ ಬೆಂಡು ಅಡ್ಡ ಮಲಗಿ ಏಳದೇ ಇದ್ದರೆ ಸೀಸ ತಳ ಮುಟ್ಟಿದೆ, ಆಳ ಕಡಿಮೆ ಮಾಡಿ. ನೆಟ್ಟಗೆ ನಿಂತದ್ದು ನಿಧಾನ ಪಕ್ಕಕ್ಕೆ ಸರಿದರೆ ಮೀನು ಎರೆ ಹಿಡಿದು ನಡೆಯುತ್ತಿದೆ. ನೆಟ್ಟಗೆ ನಿಂತದ್ದು ಆಮೇಲೆ ತಾನಾಗಿ ಮೇಲೆದ್ದು ಅಡ್ಡ ಮಲಗಿದರೆ? ಹೊಸಬರು ಅದನ್ನು ನೋಡುತ್ತಾ ಕೂರುತ್ತಾರೆ, ಮುಳುಗಲಿ ಎಂದು ಕಾಯುತ್ತಾರೆ. ಕ್ರಾಪಿ ಕೆಳಗಿನಿಂದ ಬಂದು ಎರೆಯನ್ನು ಬಾಯಲ್ಲಿಟ್ಟುಕೊಂಡು ಮೇಲಕ್ಕೆ ಏರಿದೆ. ಸೀಸದ ಭಾರ ಬೆಂಡಿನಿಂದ ಇಳಿದಿದೆ, ಅದಕ್ಕೇ ಅದು ಮಲಗಿದ್ದು. ಆಗಲೇ ಎತ್ತಬೇಕು.

ಒಂದು ಪೊದೆಗೆ ಹತ್ತು ನಿಮಿಷ. ಕಚ್ಚದಿದ್ದರೆ ಮುಂದೆ ಸಾಗಿ. ಕ್ರಾಪಿ ಗುಂಪಿನ ಮೀನು, ಇದ್ದರೆ ಬೇಗ ಗೊತ್ತಾಗುತ್ತದೆ. ಒಂದು ಸಿಕ್ಕಿದ ಪೊದೆಯನ್ನು ಮಾತ್ರ ಅವಸರದಲ್ಲಿ ಬಿಡಬೇಡಿ.

ಬಿಸಿಲೇರಿದ ಮೇಲೆ: ಮುಳುಗಿದ ಕೊಂಬೆಗಳು

ಹತ್ತು ಹತ್ತೂವರೆಗೆ ಬೆಳಕು ನೇರವಾದಾಗ, ಅಥವಾ ರಾತ್ರಿ ತಣ್ಣನೆ ಗಾಳಿ ಬಂದು ನೀರು ಮೂರು ನಾಲ್ಕು ಡಿಗ್ರಿ ಬಿದ್ದಿದ್ದರೆ, ದಡ ಖಾಲಿಯಾಗುತ್ತದೆ. ಮೀನು ಎಂಟರಿಂದ ಹದಿನೈದು ಅಡಿ ಆಳದ ಬ್ರಷ್ ಪೈಲ್‌ಗೆ ಇಳಿಯುತ್ತದೆ. ಬ್ರಷ್ ಪೈಲ್ ಎಂದರೆ ಮೀನಿಗೆಂದೇ ಮುಳುಗಿಸಿದ ಕೊಂಬೆಗಳ ರಾಶಿ. ರಾಜ್ಯದ ವನ್ಯಜೀವಿ ಆಯೋಗ ಹಾಕಿದವುಗಳಿಗೆ ತೇಲುಗುರುತು ಇರುತ್ತದೆ, ಅವುಗಳ ನಕ್ಷೆ ಆಯೋಗದ ಜಾಲತಾಣದಲ್ಲಿದೆ. ಗುರುತು ಇರುವುದರಿಂದಲೇ ಅಲ್ಲಿ ಗದ್ದಲವೂ ಹೆಚ್ಚು. ಆದರೆ ಆ ನಕ್ಷೆ ಹಿಡಿದು ಮೂರು ರಾಶಿ ನೋಡಿದರೆ, ಎಂಥ ಆಳದಲ್ಲಿ, ಹಳೆಯ ಹೊಳೆಪಾತ್ರದಿಂದ ಎಷ್ಟು ದೂರದಲ್ಲಿ ಮೀನು ನಿಲ್ಲುತ್ತದೆ ಎಂಬುದು ತಿಳಿಯುತ್ತದೆ. ಆಮೇಲೆ ಗುರುತಿಲ್ಲದವನ್ನು ಹುಡುಕಬಹುದು.

ಸದ್ದಿನ ಅಲೆ ಕಳಿಸಿ ನೀರಡಿಯನ್ನು ಪರದೆಯಲ್ಲಿ ತೋರಿಸುವ ಸಾಧಾರಣ ಫಿಶ್ ಫೈಂಡರ್ ಸಾಕು. ತಳದ ಗೆರೆಯಿಂದ ಮೇಲೆದ್ದ ಕುರುಚಲು ಗೀಚು ಕೊಂಬೆ, ಅದರ ಮೇಲೆ ಮತ್ತು ಪಕ್ಕದಲ್ಲಿ ಚುಕ್ಕಿ ಚುಕ್ಕಿಯಾಗಿ ಪೇರಿಸಿಟ್ಟಂತೆ ಕಂಡರೆ ಕ್ರಾಪಿ. ಅದು ದೋಣಿಯ ನೇರ ಕೆಳಗಿನದನ್ನಷ್ಟೇ ತೋರಿಸುತ್ತದೆ ಎಂಬುದು ನೆನಪಿರಲಿ. 20 ಡಿಗ್ರಿಯ ಸೆನ್ಸರ್ ಹನ್ನೆರಡು ಅಡಿ ಆಳದಲ್ಲಿ ನೋಡುವುದು ನಾಲ್ಕಡಿ ಅಗಲದ ವೃತ್ತ, ಅಷ್ಟೇ. ಹಾಗಾಗಿ ರಾಶಿಯ ಮೇಲೆ ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಹಾದು, ಎರಡು ಕಡೆ ತೇಲುಗುರುತು ಎಸೆಯಿರಿ. ಉದ್ದನೆ ದಾರ ಸುತ್ತಿ ನಟ್ ಕಟ್ಟಿದ ಖಾಲಿ ಪ್ಲಾಸ್ಟಿಕ್ ಬಾಟಲಿಯೇ ಸಾಕು, ಹೊರಡುವಾಗ ಎತ್ತಿಕೊಳ್ಳಿ. 2018ರಿಂದ ಮಾರುಕಟ್ಟೆಗೆ ಬಂದ, ಮುಂದಿನ ಮೀನನ್ನು ಸಿನಿಮಾದಂತೆ ತೋರಿಸುವ ಲೈವ್ ಸೋನಾರ್‌ಗಳು ಆಟವನ್ನೇ ಬದಲಿಸಿವೆ. ಆದರೆ ಇಂಥ ದೋಣಿಗೆ ಅದನ್ನು ಹಾಕುವುದೆಂದರೆ ಎತ್ತಿಗಿಂತ ಗಂಟೆಗೆ ಹೆಚ್ಚು ಖರ್ಚು.

ದೋಣಿ ನಿಲ್ಲಿಸುವುದೇ ಇಲ್ಲಿನ ಮುಖ್ಯ ಕೈಚಳಕ. ರಾಶಿಯ ಮೇಲೆಯೇ ಲಂಗರು ಬಿಟ್ಟರೆ ಮೀನು ಚದುರುತ್ತದೆ, ಲಂಗರೂ ಕೊಂಬೆಯಲ್ಲೇ ಉಳಿಯುತ್ತದೆ. ರಾಶಿಯನ್ನು ದಾಟಿ ಗಾಳಿ ಬರುವ ದಿಕ್ಕಿಗೆ ಹೋಗಿ, ಮೂತಿಯಿಂದ ಲಂಗರು ಇಳಿಸಿ, ಹಗ್ಗ ಬಿಡುತ್ತಾ ಗಾಳಿಯಲ್ಲೇ ಹಿಂದಕ್ಕೆ ಬನ್ನಿ. ರಾಶಿ ಇಪ್ಪತ್ತು ಅಡಿ ದೂರ ಇರುವಾಗ ಕಟ್ಟಿ. ಹಗ್ಗ ಆಳದ ಐದು ಪಟ್ಟಾದರೂ ಇರಲಿ, ಗಿಡ್ಡ ಹಗ್ಗದ ಲಂಗರು ನೆಲ ಹಿಡಿಯದೆ ಉರುಳುತ್ತದೆ. ಮೂತಿಯೊಂದನ್ನೇ ಕಟ್ಟಿದರೆ ದೋಣಿ ಗಡಿಯಾರದ ಲೋಲಕದಂತೆ ತೂಗುತ್ತದೆ, ನೀವು ಎಸೆದ ಕಡೆಗೆ ಮತ್ತೆ ಎಸೆಯಲಾಗುವುದಿಲ್ಲ. ತೂಗಾಟ ತಡೆಯಲು ಹಿಂಬದಿಗೆ ಎರಡನೆಯ ಸಣ್ಣ ಲಂಗರು ಹಾಕಿ, ಗಾಳಿ ಎಬ್ಬಿಸಿದ ಅಲೆ ಏರಿದ ಕೂಡಲೇ ಮೊದಲು ಅದನ್ನೇ ಎತ್ತಿ. ಹಿಂಬದಿಯೊಂದರಿಂದಲೇ ಯಾವತ್ತೂ ಲಂಗರು ಕಟ್ಟಬೇಡಿ. ಎಂಜಿನ್ ಭಾರಕ್ಕೆ ಮೊದಲೇ ತಗ್ಗಿದ ಅಂಚಿನ ಮೇಲೆ ಅಲೆ ಹತ್ತಿದರೆ ದೋಣಿ ತುಂಬಲು ನಿಮಿಷವೂ ಬೇಡ.

ಇನ್ನು ಆಳ ಹುಡುಕುವುದು. 1/16 ಔನ್ಸಿನ ಜಿಗ್ 6 ಪೌಂಡ್ ದಾರದಲ್ಲಿ ಸೆಕೆಂಡಿಗೆ ಹೆಚ್ಚುಕಡಿಮೆ ಒಂದಡಿ ಇಳಿಯುತ್ತದೆ, 1/32 ಅದರ ಅರ್ಧ ವೇಗದಲ್ಲಿ. ರಾಶಿ ಹನ್ನೆರಡು ಅಡಿ ನೀರಿನಲ್ಲಿ, ಅದರ ನೆತ್ತಿ ಎಂಟು ಅಡಿಯಲ್ಲಿ ಇದೆ ಎನ್ನೋಣ. ರಾಶಿಯ ಆಚೆಗೆ ಎಸೆದು ಐದು ಎಣಿಸಿ, ನಿಧಾನ ಸುತ್ತಿ. ಏನೂ ಆಗದಿದ್ದರೆ ಮುಂದಿನ ಎಸೆತಕ್ಕೆ ಆರು, ಆಮೇಲೆ ಏಳು. ಎಂಟಕ್ಕೆ ಕೊಂಬೆ ತಾಗಿತು ಎಂದರೆ ಏಳಕ್ಕೆ ಮರಳಿ. ಮೇಲಿನಿಂದ ಕೆಳಕ್ಕೆ ಹೋಗುವುದೇ ಕ್ರಮ: ಮೇಲೆ ಹಾದ ಜಿಗ್‌ಗೆ ಕೆಳಗಿನ ಮೀನು ಏರಿ ಬಂದೀತು, ಕೆಳಗೆ ಹಾದದ್ದಕ್ಕೆ ಇಳಿದು ಬರುವುದು ಅಪರೂಪ. ಮೊದಲ ಮೀನು ಕಚ್ಚಿದಾಗ ಎಷ್ಟು ಎಣಿಸಿದ್ದಿರಿ ಎಂದು ಜೋರಾಗಿ ಹೇಳಿ, ಜೊತೆಗಿರುವವರಿಗೂ ಅದೇ ಲೆಕ್ಕ. ಖುಷಿಯಲ್ಲಿ ಎಣಿಕೆ ಮರೆತರೆ ಮತ್ತೆ ಐದರಿಂದ ಶುರು.

ಸುತ್ತುವ ವೇಗ ಅನೇಕರಿಗೆ ನಂಬಲಾಗದಷ್ಟು ನಿಧಾನ. ರೀಲಿನ ಹಿಡಿ ಎರಡು ಸೆಕೆಂಡಿಗೆ ಒಂದು ಸುತ್ತು. ಜಿಗ್ಗನ್ನು ಕುಣಿಸುವುದೂ ಬೇಡ, ಕೈ ನಡುಗುವಷ್ಟು ಅಲುಗಾಟ ಸಾಕು. ಕಚ್ಚಿದ್ದು ಕೆಲವೊಮ್ಮೆ ಸಣ್ಣ ‘ಟಕ್’, ಬಹಳ ಸಲ ಏನೂ ಅಲ್ಲ: ದಾರ ಸಡಿಲವಾಗುತ್ತದೆ, ಎಣಿಕೆ ಐದಾಗುವ ಮೊದಲೇ ಜಿಗ್ ಇಳಿಯುವುದು ನಿಲ್ಲುತ್ತದೆ. ಐದಡಿಯಲ್ಲಿ ತಳವಿಲ್ಲ ಎಂದು ಗೊತ್ತಿರುವಾಗ ನಿಂತದ್ದೇಕೆ? ಮೀನು ಹಿಡಿದಿದೆ.

ಮಧ್ಯಾಹ್ನ ಗಾಳಿ ಎದ್ದರೆ ಲಂಗರಿನ ಜೊತೆ ಗುದ್ದಾಡಬೇಡಿ. ಗಾಳಿ ಮರೆಯಾದ ಕೊಲ್ಲಿಗೆ ಹೋಗಿ, ನಾಲ್ಕು ರಾಡನ್ನು ಹಿಡಿಕೆಗಳಿಗೆ ಸಿಕ್ಕಿಸಿ, 1/16 ಜಿಗ್‌ಗಳನ್ನು ಬೇರೆ ಬೇರೆ ಉದ್ದಕ್ಕೆ ಬಿಟ್ಟು, ಗಂಟೆಗೆ ಅರ್ಧದಿಂದ ಒಂದು ಮೈಲಿ ವೇಗದಲ್ಲಿ ಎಳೆಯಿರಿ. ವೇಗ ಕಡಿಮೆಯಾದಂತೆ ಜಿಗ್ ಆಳಕ್ಕೆ ಹೋಗುತ್ತದೆ. ತಿರುವಿನಲ್ಲಿ ಒಳಬದಿಯ ರಾಡಿಗೇ ಕಚ್ಚುತ್ತಿದ್ದರೆ ಮೀನು ಇನ್ನೂ ಕೆಳಗಿದೆ, ವೇಗ ಇಳಿಸಿ. ಹೊರಬದಿಗೆ ಕಚ್ಚಿದರೆ ಏರಿಸಿ. ಗುಡುಗು ಕೇಳಿಸಿದರೆ ಎಲ್ಲ ಸುತ್ತಿ ದಡಕ್ಕೆ ಬನ್ನಿ, ಕೈಯಲ್ಲಿರುವುದು ವಿದ್ಯುತ್ ಹರಿಯುವ ಉದ್ದನೆ ಗ್ರಾಫೈಟ್ ಕೋಲು.

ತುಟಿ ಹರಿಯದಂತೆ

ಕ್ರಾಪಿಗೆ ‘ಕಾಗದದ ಬಾಯಿ’ ಎಂಬ ಅಡ್ಡಹೆಸರಿದೆ. ಬಾಯಿಯ ಪಕ್ಕದ ಪೊರೆಯನ್ನು ಬೆಳಕಿಗೆ ಹಿಡಿದರೆ ಆಚೆಯ ಬೆರಳು ಕಾಣುತ್ತದೆ, ಈರುಳ್ಳಿಯ ಒಳಸಿಪ್ಪೆಯಂತೆ. ಟಿವಿಯಲ್ಲಿ ಬಾಸ್ ಮೀನಿಗೆ ಮಾಡುವಂತೆ ರಾಡನ್ನು ಝಾಡಿಸಿ ಎಳೆದರೆ ಕೊಕ್ಕೆ ಅಲ್ಲಿ ಉದ್ದನೆ ಸೀಳು ಮಾಡಿ ಹೊರಬರುತ್ತದೆ. ಮಣಿಕಟ್ಟಿನಿಂದ ಒಂದಡಿ ಎತ್ತಿದರೆ ಸಾಕು, ಚೂಪಾದ ತೆಳು ಕೊಕ್ಕೆ ತಾನೇ ಇಳಿಯುತ್ತದೆ. ರೀಲಿನಿಂದ ದಾರ ಎಷ್ಟು ಬಿಗಿಯಾಗಿ ಬಿಡಬೇಕೆಂದು ಹೊಂದಿಸುವ ಡ್ರ್ಯಾಗ್ ಅನ್ನು ದಾರ ಕೈಯಲ್ಲಿ ಎಳೆದಾಗ ಸಲೀಸಾಗಿ ಜಾರುವಷ್ಟು ಸಡಿಲಿಸಿ. ಎತ್ತಿದ ಮೇಲೆ ದಾರ ಸಡಿಲ ಬಿಡಬೇಡಿ, ಸೀಳು ಅಗಲವಾಗಿದ್ದರೆ ಕೊಕ್ಕೆ ಬಿದ್ದುಹೋಗುತ್ತದೆ. ದೋಣಿಯ ಪಕ್ಕಕ್ಕೆ ಬಂದ ಮೀನನ್ನು ದಾರದಲ್ಲೇ ಎತ್ತಿ ಒಳಗೆ ಹಾಕುವ ಆಸೆ ಬೇಡ. ಅತಿ ಹೆಚ್ಚು ಮೀನು ತಪ್ಪುವುದು ಆ ಕೊನೆಯ ಮೂರಡಿಯಲ್ಲಿ. ಉದ್ದ ಹಿಡಿಯ ಬಲೆಯನ್ನು ಮೊದಲೇ ನೀರಲ್ಲಿ ಇಳಿಸಿಟ್ಟು, ಮೀನಿನ ತಲೆಯನ್ನು ಅದರ ಮೇಲೆ ತನ್ನಿ, ಆಮೇಲೆ ಎತ್ತಿ.

ಅಳೆಯುವಾಗ ಬಾಯಿ ಮುಚ್ಚಿ, ಬಾಲದ ಎರಡು ತುದಿಗಳನ್ನು ಒತ್ತಿ ಸೇರಿಸಿ, ಚಪ್ಪಟೆ ಹಲಗೆಯ ಮೇಲೆ ಮಲಗಿಸಿ. ಒಂಬತ್ತು ಮುಕ್ಕಾಲು ಎಂದರೆ ಹತ್ತಲ್ಲ, ವಾಪಸ್ ಬಿಡಿ. ಬಿಡುವ ಮೀನನ್ನು ಒದ್ದೆ ಕೈಯಲ್ಲಿ ಹಿಡಿಯಿರಿ, ಒಣ ಕೈ ಅದರ ಮೈಯ ಲೋಳೆ ಕಿತ್ತು ರೋಗಕ್ಕೆ ದಾರಿ ಮಾಡುತ್ತದೆ. ಇಟ್ಟುಕೊಳ್ಳುವುದನ್ನು ಕೂಡಲೇ ಐಸಿಗೆ ಹಾಕಿ. ಬರಿ ಐಸ್ ಅಲ್ಲ, ಸ್ವಲ್ಪ ನೀರು ಬೆರೆಸಿದ ಐಸ್ ಮೀನನ್ನು ಸುತ್ತಲೂ ಮುಟ್ಟಿ ಬೇಗ ತಣಿಸುತ್ತದೆ. ಬಕೆಟಿನಲ್ಲಿ ಬಿಸಿಲಿಗಿಟ್ಟ ಕ್ರಾಪಿಯ ಮಾಂಸ ಮಧ್ಯಾಹ್ನಕ್ಕೆ ಹಿಟ್ಟಾಗುತ್ತದೆ, ಮಸಾಲೆ ಅದನ್ನು ಉಳಿಸಲಾರದು.

ನೀರ ಮೇಲಿರುವಾಗ ತಲೆ ಬಾಲ ಕತ್ತರಿಸುವುದು ನಿಯಮಕ್ಕೆ ವಿರುದ್ಧ, ಅಧಿಕಾರಿಗೆ ಉದ್ದ ಅಳೆಯಲು ಸಿಗಬೇಕು. ಉಳಿದ ಮಿನ್ನೋಗಳನ್ನು ಕೆರೆಗೆ ಸುರಿಯಬೇಡಿ, ಬೇರೆಡೆಯ ಮೀನು ಮತ್ತು ರೋಗ ಹರಡುವುದು ಹಾಗೆಯೇ.

ಅಡುಗೆಮನೆಗೆ

ಆರಿಂಚಿನ ಬಾಗುವ ಫಿಲೆ ಚಾಕು ಬೇಕು. ಹುರುಪೆ ತೆಗೆಯುವ ಶ್ರಮ ಬೇಡ. ಕಿವಿರಿನ ಹಿಂದೆ ಬೆನ್ನುಮೂಳೆ ತಾಗುವವರೆಗೆ ಕತ್ತರಿಸಿ, ಚಾಕುವನ್ನು ಬಾಲದ ಕಡೆ ತಿರುಗಿಸಿ, ಮೂಳೆಯ ಮೇಲೆಯೇ ಜಾರಿಸುತ್ತಾ ಹೋಗಿ. ಬಾಲದ ಹತ್ತಿರ ಚರ್ಮ ಅರ್ಧ ಇಂಚು ಅಂಟಿಕೊಂಡಿರುವಾಗ ನಿಲ್ಲಿಸಿ, ತುಂಡನ್ನು ಹೊರಕ್ಕೆ ಮಗುಚಿ, ಚರ್ಮ ಮತ್ತು ಮಾಂಸದ ನಡುವೆ ಚಾಕು ಇಳಿಸಿ. ಕೊನೆಗೆ ಪಕ್ಕೆಲುಬಿನ ಪಟ್ಟಿಯನ್ನು ಓರೆಯಾಗಿ ಕೆತ್ತಿ ತೆಗೆಯಿರಿ. ಹತ್ತಿಂಚಿನ ಮೀನಿನಿಂದ ಅಂಗೈ ಉದ್ದದ ಎರಡು ತೆಳು ತುಂಡು ಸಿಗುತ್ತದೆ. ಇಬ್ಬರ ಊಟಕ್ಕೆ ನಾಲ್ಕೈದು ಮೀನು ಸಾಕು, ಇಪ್ಪತ್ತು ಹಿಡಿಯಲೇಬೇಕೆಂದೇನಿಲ್ಲ.

ಮಾಂಸ ಬಿಳಿ, ಮೃದು, ವಾಸನೆ ಕಡಿಮೆ. ಕರಾವಳಿಯವರಿಗೆ ಕಾಣೆ ನೆನಪಾಗುತ್ತದೆ, ಅದರಂತೆ ರವೆ ಫ್ರೈ ಇದಕ್ಕೂ ಒಗ್ಗುತ್ತದೆ. ಆದರೆ ಕಾಣೆಗಿಂತ ತೆಳು, ಮೂಳೆಯೂ ಇಲ್ಲ, ಹಾಗಾಗಿ ಎರಡು ಬದಲಾವಣೆ ಬೇಕು. ಹುಣಸೆ ಅಥವಾ ನಿಂಬೆ ಹಾಕಿದ ಬ್ಯಾಡಗಿ ಮಸಾಲೆಯಲ್ಲಿ ಹದಿನೈದು ನಿಮಿಷಕ್ಕಿಂತ ಹೆಚ್ಚು ಇಡಬೇಡಿ, ಹುಳಿಗೆ ಮಾಂಸ ಪುಡಿಯಾಗುತ್ತದೆ. ಮಸಾಲೆ ಹಚ್ಚುವ ಮೊದಲು ಬಟ್ಟೆಯಲ್ಲಿ ಒತ್ತಿ ನೀರು ಹೀರಿಸಿ, ಇಲ್ಲದಿದ್ದರೆ ರವೆ ಕಳಚಿ ಎಣ್ಣೆಯಲ್ಲಿ ಉಳಿಯುತ್ತದೆ. ಚಿರೋಟಿ ರವೆಯಲ್ಲಿ ಹೊರಳಿಸಿ, ಕಾದ ತವೆಯ ಮೇಲೆ ಒಂದು ಮಗ್ಗುಲು ಎರಡು ನಿಮಿಷ. ಅಂಚು ಕೆಂಪಾಗುವವರೆಗೆ ಮುಟ್ಟಬೇಡಿ, ಒಂದೇ ಸಲ ಮಗುಚಿ. ಇನ್ನೊಂದು ಮಗ್ಗುಲಿಗೆ ಒಂದೂವರೆ ನಿಮಿಷ ಸಾಕು.